ನಲವತ್ತಮೂರನೇ ಪಟ್ಟಿ

ಇಷ್ಟೊಂದು ನೀಲಿ ಎಲ್ಲಿಂದ ಬಂತು, ಈಗ ತಾನೇ ಊರು ಇತ್ತಲ್ಲ, ಶಾಲೆಯ ತಗಡು, ಬತ್ತಿದ ಕುಂಟೆ, ಬಂಡಿದಾರಿ, ದಾರಿಯ ಪಕ್ಕಕ್ಕೇ ವಾರದಿಂದ ತಿದ್ದುತ್ತಿರುವ ಪೈಪಿನ ಗೆರೆ — ನಾಗಜ್ಯೋತಿ ಮಾಡಿದ್ದಾದರೂ ಏನು, ಮೌಸಿನ ಗಾಲಿಯನ್ನು ಎರಡು ಸಲ ಒತ್ತಿದ್ದಷ್ಟೇ, ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಕ್ಯಾಡ್ ಕಲಿತ ಯಾರೇ ಆದರೂ ಚಿತ್ರ ಕಳಿಸುವ ದಿನ ಊಟಕ್ಕೆ ಏಳುವ ಮುಂಚೆ ಒಮ್ಮೆ ಒತ್ತುತ್ತಾರೆ, ಇಡೀ ಚಿತ್ರ ಒಂದೇ ನೋಟಕ್ಕೆ ಸಿಗಲಿ ಅಂತ, ಅಷ್ಟಕ್ಕೇ ಊರು ಹಿಂದೆ ಹಿಂದೆ ಸರಿದು ಪರದೆಯ ಎಡ ಅಂಚಿಗೆ ಸಾಸಿವೆ ಕಾಳಾಗಿ ಅಂಟಿಕೊಂಡಿತು, ಮಧ್ಯದವರೆಗೆ ಕಂದು ನೆಲ, ಅಲ್ಲಿಂದಾಚೆ ನೀಲಿ, ಬರೀ ನೀಲಿ, ಉಪಗ್ರಹದ ಚಿತ್ರದಲ್ಲಿ ಸಮುದ್ರಕ್ಕೆ ಇರುವ ನೀಲಿ. ಕರಿಬಂಡಕ್ಕೂ ಸಮುದ್ರಕ್ಕೂ ಎಲ್ಲಿಯ ನಂಟು, ಕುಡಿಯುವ ನೀರಿಗೇ ಬಾಯಿ ಬಿಡುವ ಊರು ಅದು. ಮೇಲೆ ಫ್ಯಾನು ಕಟಕಟ ಅನ್ನುತ್ತಿದೆ, ಕಿಟಕಿಯ ಜಾಲರಿಗೆ ಎದುರಿನ ಜಿನ್ನಿಂಗ್ ಮಿಲ್ಲಿನ ಹತ್ತಿನಾರು ಗಡ್ಡದ ಹಾಗೆ ಬೆಳೆದಿದೆ, ನಿನ್ನೆ ತಾನೇ ಒರೆಸಿದ್ದು, ಆದೋನಿಯಲ್ಲಿ ಹತ್ತಿಯ ಕಾಲಕ್ಕೆ ಒರೆಸಿದ್ದೆಲ್ಲ ದಂಡ, ಪಕ್ಕದ ಕುರ್ಚಿಯಿಂದ ಪಲ್ಲವಿ ಬಗ್ಗಿ ನೋಡಿ, ಅಕ್ಕಾ ಎಲ್ಲೋ ದೂರ ಏನೋ ಕಸ ಬಿದ್ದೈತಿ ನೋಡು, ಹುಡುಕಿ ಡಿಲೀಟ್ ಕೊಡು, ಮಂಡಕ್ಕಿ ತಣ್ಣಗಾಗಕತ್ತೈತಿ ಅಂದಳು. ಹೌದು, ಕಸವೇ ಇರಬೇಕು, ಚಿತ್ರದಲ್ಲಿ ಎಷ್ಟು ದೂರ ಏನೇ ಬಿದ್ದಿರಲಿ ಅದನ್ನೂ ಬಿಡದೆ ಸೇರಿಸಿ ತೋರಿಸುವುದೇ ಆ ಗಾಲಿಯ ಧರ್ಮ, ಮದುವೆ ಫೋಟೋದವನು ಮೂಲೆಯ ಮುದುಕಿಗಾಗಿ ಹಿಂದೆ ಹಿಂದೆ ನಡೆದ ಹಾಗೆ. ಆದರೆ ಆ ನೀಲಿಯಲ್ಲಿ ಏನೂ ಕಾಣಲಿಲ್ಲ.

ಕಸ ಅಲ್ಲಿಗೆ ಹೇಗೆ ಹೋಯಿತು ಅಂತ ಅವಳಿಗೆ ಗೊತ್ತು, ಈ ಆಫೀಸಿನಲ್ಲಿ ಯಾರಿಗೆ ಗೊತ್ತಿಲ್ಲ, ಇದು ನಮ್ಮ ಜಿಲ್ಲೆಯವರಿಗೆ ಮಾತ್ರ ಹತ್ತಿದ ರೋಗ. ಭೂಮಿಯನ್ನು ಮೋಸಂಬಿಯ ಹಾಗೆ ತೊಳೆ ತೊಳೆ ಬಿಡಿಸಿ ಒಂದೊಂದು ತೊಳೆಗೆ ಒಂದೊಂದು ನಂಬರು ಕೊಟ್ಟಿದ್ದಾರೆ, ಪಟ್ಟಿ ಅನ್ನುತ್ತಾರೆ ಆಫೀಸಿನ ಯಜಮಾನರು ದೇವದಾಸ್ ಸಾರು, ಒಂದು ಪಟ್ಟಿಯ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ, ಆ ಪುಣ್ಯಾತ್ಮರು ನಲವತ್ತಮೂರನೇ ಪಟ್ಟಿಗೂ ನಲವತ್ತನಾಲ್ಕನೇ ಪಟ್ಟಿಗೂ ನಡುವಿನ ಗೆರೆಯನ್ನು ಇಡೀ ದೇಶ ಬಿಟ್ಟು ಕರ್ನೂಲು ಊರ ಬಾಗಿಲಲ್ಲೇ ಎಳೆದಿದ್ದಾರೆ, ಗೆರೆಯ ಆಚೆ ಕರ್ನೂಲು, ಈಚೆ ಆದೋನಿ, ದೇವನಕೊಂಡ, ಗೋನೆಗಂಡ್ಲ, ಮಂತ್ರಾಲಯ. ಕರ್ನೂಲಿನ ದೊಡ್ಡ ಆಫೀಸಿನಿಂದ ಬರುವ ಖಾಲಿ ಚಿತ್ರದಲ್ಲಿ ನಲವತ್ತನಾಲ್ಕು ಅಂತ ಕೂತಿರುತ್ತದೆ, ಅವರ ಊರು ಅವರಿಗೆ ಸರಿ, ಇಲ್ಲಿನ ಹೊಲದಲ್ಲಿ ನಮ್ಮ ಸರ್ವೆಯವನು ಉರುಕುಂದ ಕೋಲು ನೆಟ್ಟು ತಂದ ಪಾಯಿಂಟುಗಳು ನಲವತ್ತಮೂರರವು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಎರಡನ್ನೂ ಹೇಳದೆ ಕೇಳದೆ ಕೂಡಿಸಿದರೆ ಊರಿಗೆ ಊರೇ ವಿಶಾಖಪಟ್ಟಣದ ಕೆಳಗೆ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಒಮ್ಮೆ ಇಡೀ ಮಂತ್ರಾಲಯದ ಒಳಚರಂಡಿ ಅಲ್ಲಿ ತೇಲಿತ್ತು, ಸಾರು ಹೊಟ್ಟೆ ಹಿಡಿದು ನಕ್ಕಿದ್ದರು. ಮೊದಲು ಇದು ಯಾವ ಪಟ್ಟಿಯ ಲೆಕ್ಕ ಅಂತ ಚಿತ್ರಕ್ಕೆ ಹೇಳಬೇಕು, ಆಮೇಲೆ ಅದೇ ತನ್ನ ಜಾಗಕ್ಕೆ ಹೋಗಿ ಕೂಡುತ್ತದೆ, ಇಷ್ಟೇ ಕೆಲಸ. ಆದರೆ ಪಲ್ಲವಿ ಅವಸರದ ಹುಡುಗಿ, ಕೈ ಚುರುಕು, ಸಮುದ್ರದಲ್ಲಿ ಬಿದ್ದ ಊರಿಗೆ ಬಲೆ ಬೀಸಿದ ಹಾಗೆ ಚೌಕ ಎಳೆದು, ಸಿಕ್ಕಿದ್ದನ್ನು ಹಿಡಿದು, ಆರುನೂರು ಚಿಲ್ಲರೆ ಕಿಲೋಮೀಟರು ದರದರ ಎಳೆದು ತಂದು ಶಾಲೆಯ ಮೂಲೆಗೆ ಮೂಲೆ ಹೊಂದಿಸಿ, ಅಕ್ಕಾ ಕುಂತಿತು ಅಂತಾಳೆ. ಕೂಡುವುದಿಲ್ಲ. ಒಂದು ತುದಿ ಕೂತರೆ ಇನ್ನೊಂದು ವಾರೆ, ಪಟ್ಟಿ ಬದಲಾದರೆ ಉತ್ತರ ದಿಕ್ಕೇ ಕೂದಲೆಳೆಯಷ್ಟು ತಿರುಗುತ್ತದೆ. ಎಳೆದದ್ದು ಕೂಡುವುದಿಲ್ಲ ಕಣೇ ಅಂತ ಎಷ್ಟು ಸಲ ಹೇಳಿದ್ದಾಳೆ, ಹೇಳಿದಷ್ಟೂ ಸಲ ಪಲ್ಲವಿ ಹ್ಞೂಂ ಅಕ್ಕಾ ಅಂದಿದ್ದಾಳೆ. ಈ ಚಿತ್ರವೂ ಹಾಗೆ ಎಳೆದದ್ದೇ, ತನ್ನ ಕೈಗೆ ಬರುವ ಮೊದಲೇ.

ಮಂಡಕ್ಕಿ ಒಗ್ಗರಣೆ ನಿಜಕ್ಕೂ ತಣ್ಣಗಾಗುತ್ತಿದೆ, ಪಲ್ಲವಿಯ ಮನೆಯಲ್ಲಿ ಉಗ್ಗಾನಿ ಅನ್ನುತ್ತಾರೆ, ತನ್ನ ಮನೆಯಲ್ಲಿ ಒಗ್ಗರಣೆ, ಮಂಡಕ್ಕಿಗೇನು ಗೊತ್ತು ತನ್ನ ಹೆಸರು — ಏಳಬೇಕು, ಏಳಲಾಗುತ್ತಿಲ್ಲ, ವಾರದಿಂದ ಹೀಗೇ, ಕರಿಬಂಡದ ಚಿತ್ರ ಮುಚ್ಚಿ ಎದ್ದರೆ ಏನೋ ಮರೆತು ಬಂದ ಹಾಗೆ. ಕರಿಬಂಡ ಅವಳ ಗಂಡ ಶಿವಕೃಷ್ಣನ ಊರು, ದೇವನಕೊಂಡದ ಕಡೆ, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕುರಿ. ಆ ಊರಿಗೆ ಈಗ ಕುಡಿಯುವ ನೀರಿನ ಪೈಪು, ಗುಡ್ಡದ ಮೇಲಿನ ಹೊಸ ಟ್ಯಾಂಕಿನಿಂದ ಬಂಡಿದಾರಿಯ ಎಡ ಅಂಚು ಹಿಡಿದು ಊರ ಬಾಯಿಗೆ. ನಿಮ್ಮೂರೇ ಅಲ್ಲೇನಮ್ಮಾ, ನೀನೇ ಮಾಡು ಅಂತ ಸಾರು ಪ್ರೀತಿಯಿಂದಲೇ ಕೊಟ್ಟಿದ್ದು. ಲಿಂಗಕ್ಕ, ಅವಳ ಅತ್ತೆ, ಸುದ್ದಿ ಕೇಳಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು, ನಮ್ಮ ಸೊಸಿ ಬರೆದ ನಲ್ಲಿ, ನಮ್ಮ ಸೊಸಿ ಬರೆದ ನೀರು. ಸಂತೋಷವೇ, ಯಾಕಿಲ್ಲ, ಕೊಡ ಹೊತ್ತು ನಾಗಜ್ಯೋತಿಯ ಸೊಂಟವೂ ಒಂದು ಕಾಲಕ್ಕೆ ಸವೆದಿದೆ. ಆದರೆ ಟ್ಯಾಂಕಿಗೂ ಊರಿಗೂ ನಡುವೆ ಆ ದಿಬ್ಬವಿದೆ, ಯಾರೂ ಉಳದ ಬೀಳು ನೆಲ, ಬೋರೆಹಣ್ಣಿನ ನಾಲ್ಕಾರು ಬಾರಿಗಿಡ, ಜಾಲಿ, ಬಂಡೆ, ಹುಟ್ಟಿ ಉಳಿಯದ ಕೂಸುಗಳನ್ನು ಆ ಊರಲ್ಲಿ ಅಲ್ಲೇ ಎಲ್ಲೋ ಮಣ್ಣು ಮಾಡುವುದು. ಅವಳದೂ ಅಲ್ಲೇ ಎಲ್ಲೋ ಇದೆ. ಎಲ್ಲಿ ಅಂತ ಗೊತ್ತಿಲ್ಲ. ಬರುವ ವಾರ ನೆಲ ಬಗೆಯುವ ಮಿಷನ್ ಬರುತ್ತದೆ, ಇವಳು ಎಳೆದ ಗೆರೆ ಹಿಡಿದೇ ಬಗೆಯುತ್ತದೆ, ಆ ಗೆರೆ ಕೂಸಿನ ಮೇಲೆ ಹಾಯುತ್ತದೆಯೋ ಪಕ್ಕಕ್ಕೆ ಹೋಗುತ್ತದೆಯೋ, ಅದೊಂದು ಗೊತ್ತಾಗಬೇಕು, ಅದೊಂದನ್ನು ಯಾರನ್ನೂ ಕೇಳುವ ಹಾಗಿಲ್ಲ.

ಈಗಿನ ಮಗಳು ಅಮೂಲ್ಯ ಹುಟ್ಟುವ ಎರಡು ವರ್ಷ ಮೊದಲಿನ ಮಾತು, ಹೆಣ್ಣು ಕೂಸು, ಹೆಸರಿಡುವ ತನಕವೂ ಇರಲಿಲ್ಲ, ಆಸ್ಪತ್ರೆಯ ಕಬ್ಬಿಣದ ಮಂಚ, ಹಸಿರು ಬಣ್ಣ ಕಿತ್ತ ಮಂಚ, ಅದರ ಕಾಲಿಗೆ ಯಾರೋ ಕಟ್ಟಿದ್ದ ಕರಿದಾರ, ಕೂಸಿನ ಬೆರಳು ಎಷ್ಟು ಉದ್ದ ಇದ್ದವು, ಹಾರ್ಮೋನಿಯಂ ಬಾರಿಸುತ್ತಾಳೆ ನೋಡು ಅಂತ ನರ್ಸು ಅಂದದ್ದು — ಆಮೇಲೆ ಮಾವ ಬಂದರು, ಗಾದಿಲಿಂಗಪ್ಪ, ಎಡಗಾಲು ಎಳೆದುಕೊಂಡು, ಕುರಿಯ ವಾಸನೆಯ ಕಂಬಳಿ ಹೊದ್ದು, ಕಂಬಳಿ ಬಿಚ್ಚಿ ಅದರಲ್ಲಿ ಸುತ್ತಿ ಎತ್ತಿಕೊಂಡರು, ಬಿಸಿಲಲ್ಲಿ ಅಷ್ಟು ದಪ್ಪ ಕಂಬಳಿ ಯಾಕೆ ಸುತ್ತುತ್ತಾರೆ, ಕೂಸಿಗೆ ಸೆಕೆ ಆಗುವುದಿಲ್ಲವೆ ಅಂತ ಅವಳಿಗೆ ಅನ್ನಿಸಿತು, ಅನ್ನಿಸಿದ್ದು ನೆನಪಿದೆ. ಶಿವಕೃಷ್ಣ ಅವಳ ಹತ್ತಿರ ಕೂತಿದ್ದ, ಮಾವ ಒಬ್ಬರೇ ಹೋದರು, ಒಬ್ಬರೇ ಬಂದರು, ಜಾಗ ಅವರೊಬ್ಬರಿಗೇ ಗೊತ್ತು. ಬಾಣಂತನದಲ್ಲಿ ಒಂದು ದಿನ ಎಣ್ಣೆ ಹಚ್ಚುವಾಗ ಅತ್ತೆಯನ್ನು ಕೇಳಿದಳು, ಎಲ್ಲಿ ಇಟ್ಟರಂತ. ಲಿಂಗಕ್ಕನ ಕೈ ನಿಂತಿತು. ಕೂಸಿನ ಮಣ್ಣು ತಾಯಿಗೆ ಹೇಳಬಾರದವ್ವ, ಬಾಯಿಲೆ ಹೇಳಿದ್ರ ಮುಂದಿನ ಹೊಟ್ಟೀನೂ ಅಲ್ಲಿಗೇ ಎಳೀತೈತಿ, ಮತ್ತ ಕೇಳಬ್ಯಾಡ ಅಂದಳು. ಕೇಳಲಿಲ್ಲ. ಎಳೆಯುವುದಕ್ಕೆ ಹೆದರಿ ಕೇಳಲಿಲ್ಲ, ಅಮೂಲ್ಯ ಹೊಟ್ಟೆಯಲ್ಲಿದ್ದಾಗ ಆ ದಿಬ್ಬದ ಕಡೆ ಮುಖ ಹಾಕಿ ಮಲಗಲೂ ಇಲ್ಲ, ಅಮೂಲ್ಯ ಉಳಿದಳು, ಬೆಳೆದಳು, ಇವತ್ತು ಬೆಳಿಗ್ಗೆ ಆಟೋದ ಕಿಟಕಿಯಿಂದ ಟಾಟಾ ಟಾಟಾ ಅಂತ ಗಲ್ಲಿ ತಿರುಗುವ ತನಕ ಕೈ ಬೀಸಿದಳು. ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಒಬ್ಬಳೇ ಅನ್ನುತ್ತಾಳೆ ನಾಗಜ್ಯೋತಿ. ಕರಿಬಂಡದ ಮನೆಗೆ ಹೋದಾಗ ಅಮೂಲ್ಯ ಎಲ್ಲೆಂದರಲ್ಲಿ ಮಲಗುತ್ತಾಳೆ, ಹೊಸ್ತಿಲಲ್ಲಿ, ಒಲೆಯ ಮುಂದೆ, ಅವಸರಕ್ಕೆ ಶಿವಕೃಷ್ಣ ಕಾಲೆತ್ತಿದರೆ ಲಿಂಗಕ್ಕ ಒಳಗಿನಿಂದ ಗದರುತ್ತಾಳೆ, ದಾಟಬ್ಯಾಡ, ಮಲಗಿದ ಕೂಸಿನ್ನ ದಾಟಬಾರದು, ದಾಟಿದ್ರ ಬೆಳಿಯಂಗಿಲ್ಲ, ಸುತ್ತ ಹಾಕ್ಕೊಂಡು ಹೋಗು. ಅವನು ನಗುತ್ತಲೇ ಸುತ್ತಿ ಹೋಗುತ್ತಾನೆ. ಬೆಳೆಯದ ಕೂಸನ್ನು ದಾಟಿದರೆ ಏನಾಗುತ್ತದೆ ಅಂತ ಯಾರೂ ಹೇಳಿಲ್ಲ, ಅಲ್ಲಿಗೆ ಅತ್ತೆಯ ಶಾಸ್ತ್ರ ಮುಗಿಯುತ್ತದೆ, ಆದರೂ ದಾಟಬಾರದು, ತಾನೇ ಎಳೆದ ಗೆರೆಯಂತೂ ದಾಟಬಾರದು.

ಅಕ್ಕಾ ನಿನ್ನ ಮಿರ್ಚಿ ನಾನು ತಿಂತೀನಿ ನೋಡು — ತಿನ್ನು, ಅಂದಳು, ಕಣ್ಣು ನೀಲಿಯಲ್ಲೇ. ಏನೂ ಇಲ್ಲದೆ ಚಿತ್ರ ಇಷ್ಟು ಹಿಗ್ಗುವುದಿಲ್ಲ, ಇದೆ, ಕಾಣುತ್ತಿಲ್ಲ, ಅಂದರೆ ಆರಿಸಿದ ಪದರದಲ್ಲಿದೆ. ಚಿತ್ರವೆಂದರೆ ಒಂದು ಹಾಳೆಯಲ್ಲ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ, ದಾರಿಗೊಂದು ಪದರ, ಮನೆಗೊಂದು, ಗಿಡಕ್ಕೊಂದು, ಪ್ರತಿ ಪದರದ ಮುಂದೆ ಒಂದು ಪುಟ್ಟ ಬಲ್ಬಿನ ಚಿತ್ರ, ಬೇಡವಾದರೆ ಒತ್ತಿ ಆರಿಸಬಹುದು, ಆರಿಸಿದ ಮಾತ್ರಕ್ಕೆ ಹೋಯಿತು ಅಂತ ಅಲ್ಲ, ಕತ್ತಲೆಯಲ್ಲಿ ಇದ್ದಲ್ಲೇ ಇರುತ್ತದೆ. ಪಲ್ಲವಿ ಬಲೆ ಬೀಸುವಾಗ ಯಾವುದೋ ಬಲ್ಬು ಆರಿತ್ತು, ಕಾಣದ್ದು ಬಲೆಗೆ ಬೀಳಲಿಲ್ಲ, ಊರೆಲ್ಲ ದಡ ಸೇರಿತು, ಅದೊಂದು ಸಮುದ್ರದಲ್ಲೇ ಉಳಿಯಿತು. ನಾಗಜ್ಯೋತಿ ಎಲ್ಲ ಬಲ್ಬು ಹಚ್ಚಿದಳು. ನೀಲಿಯ ಆ ಕೊನೆಗೆ, ಪರದೆಯ ಬಲ ಅಂಚಿಗೆ, ಒಂದು ಪ್ಲಸ್ ಗುರುತು ಬೆಳಗಿತು. ಹತ್ತಿರ ಹೋದಳು, ಗಾಲಿ ತಿರುಗಿಸಿ ತಿರುಗಿಸಿ ಬೆರಳು ನೋವಾಯಿತು, ಸುತ್ತ ನೀರು, ದಂಡೆ ಇಲ್ಲ, ದೋಣಿ ಇಲ್ಲ, ಪ್ಲಸ್ಸಿನ ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ, ಟಿ, ಎ, ಟಿ, ಎ. ಪಲ್ಲವಿ ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ನಕ್ಕಳು, ಟಾಟಾ ಅಂತಕ್ಕಾ, ಉರುಕುಂದಣ್ಣ ಕೆಲಸ ಮುಗಿಸಿ ನಮಗ ಟಾಟಾ ಹೇಳಿ ಹೋಗ್ಯಾನ, ಇಲ್ಲಾಂದ್ರ ಟಾಟಾ ಗಾಡಿ ನಿಂತಿತ್ತೇನೋ, ತೆಗಿ ಅದನ್ನ. ಟಾಟಾ. ಆಟೋದ ಕಿಟಕಿ, ಪುಟ್ಟ ಕೈ. ಮೊನ್ನೆ ಅಮೂಲ್ಯ ಸ್ಲೇಟು ಹಿಡಿದು ಬಂದಿದ್ದಳು, ಅಮ್ಮಾ ಪ್ಲಸ್ ಅಂದ್ರ ಮುಂದ ಇನ್ನೊಂದು ಬರಬೇಕು ಅಂತ ಮಿಸ್ಸು ಹೇಳ್ಯಾರ, ಬರೇ ಪ್ಲಸ್ ಬಿಟ್ರ ತಪ್ಪು. ನಾಗಜ್ಯೋತಿಯ ಬೆರಳು ಡಿಲೀಟಿನ ಮೇಲೆ ಹೋಗಿತ್ತು, ಹೋದದ್ದು ಅಲ್ಲೇ ನಿಂತಿತು, ಯಾಕೆ ಅಂತ ಕೇಳಿದರೆ ಹೇಳಲಾರಳು, ಉರುಕುಂದ ಹೇಳಿಕೇಳಿ ಜಿಪುಣ, ಒಂದು ಪಾಯಿಂಟು ದಂಡಕ್ಕೆ ಹಾಕುವವನಲ್ಲ, ಒಂಟಿಯಾಗಿ ಉಳಿದುಹೋದ ಈ ಪ್ಲಸ್ಸಿನ ಮೇಲೆ ಏನೋ ಕನಿಕರ, ಇಷ್ಟು ನೀರಿನ ನಡುವೆ.

ಉರುಕುಂದನಿಗೆ ಫೋನು ಮಾಡಿದಳು. ಹಲೋ ಅಕ್ಕಾ ಹೇಳು, ಗೋನೆಗಂಡ್ಲದಾಗ ಅದೀನಿ, ಬಿಸಿಲಿಗೆ ತಲಿ ಕಾದು ಹೆಂಚಾಗೈತಿ, ಯಾವ ಪಾಯಿಂಟು, ಟಾಟಾನಾ, ಅಲ್ಲಕ್ಕಾ ಟಾಟಾ ಅಲ್ಲ, ತಾತ ಅದು, ತಾತ ಹೇಳಿದ್ದು ಅಂತ ಪೂರಾ ಬರಿಯಾಕ ಬ್ಯಾಸರ ಆಗಿ ಅಷ್ಟ ಒತ್ತಿದೆ. ಯಾವ ತಾತ ಅಂತ ಕೇಳಿದಳೋ, ಕೇಳುವ ಮೊದಲೇ ಅವನೇ ಹೇಳಿದನೋ, ಉರುಕುಂದನ ಮಾತು ಕುರಿ ಹಿಂಡು ದಾರಿ ತುಂಬಿ ಬಂದ ಹಾಗೆ, ಒಂದರ ಮೇಲೊಂದು — ಕರಿಬಂಡದಾಗ ಒಬ್ಬ ಮುದುಕ ಕುರಿ ಬಿಟ್ಕೊಂಡು ಮುಂಜಾನಿಂದ ನನ್ನ ಹಿಂದ ಹಿಂದ ಬಂದಕ್ಕಾ, ಹೆಗಲಿಗೆ ಕಂಬಳಿ, ಮಾತಿಲ್ಲ ಕತಿಯಿಲ್ಲ, ನಾ ಕೋಲು ನಿಲ್ಲಿಸಿದಲ್ಲಿ ತಾನೂ ನಿಂತ, ಆಮ್ಯಾಕ ಕೋಲಿನ ತಲಿ ಮ್ಯಾಲ ಇರೋದು ಏನಪಾ ಅಂದ, ಇದು ಮ್ಯಾಲ ಆಕಾಶದ ಜೋಡಿ ಮಾತಾಡತೈತಿ ತಾತ, ನಿಂತ ಜಾಗ ಎಲ್ಲೈತಿ ಅಂತ ಹೇಳತೈತಿ ಅಂದೆ, ಬಾಯಿಲೆ ಹೇಳತೈತೇನು ಅಂದ, ಬಾಯೆಲ್ಲೈತಿ ತಾತ ಇದಕ್ಕ, ಸುಮ್ಮಕ ಲೆಕ್ಕ ಕಳಸತೈತಿ ಅಂದೆ. ಎಲ್ಲಿಗಿ ಕಳಸತೈತಿ ಅಂದ. ಆದೋನಿಗೆ, ಆಫೀಸಿನ ಕಂಪ್ಯೂಟರಿಗೆ ಅಂದೆ. ಅಲ್ಲಿ ಕುಂತು ಕೆಲಸ ಮಾಡೋ ಹೆಣ್ಮಕ್ಕಳಿಗೆ ಕಾಣತೈತೇನು ಅಂದ. ಅವರಿಗೇ ಮೊದಲು ಕಾಣೋದು ತಾತ ಅಂದೆ. ಬಾಳ ಹೊತ್ತು ನಿಂತನಕ್ಕಾ, ಕುರಿ ಒಂದು ಕಡಿ ಹೋದ್ರೂ ನೋಡಲಿಲ್ಲ, ಆಮ್ಯಾಕ ದಿಬ್ಬದ ಮ್ಯಾಲ ಒಂದು ಬಾರಿಗಿಡದ ತೆಳಗ ಹೋಗಿ, ಕೋಲಿಲೆ ನೆಲ ತೋರಿಸಿ, ಇಲ್ಲೊಂದು ಹಾಕು ಅಂದ. ಏನಂತ ಬರಕೊಳ್ಳಿ ತಾತ, ಬಾವಿನಾ, ಕಲ್ಲಾ, ಗಿಡಾನಾ ಅಂದ್ರ ತುಟಿ ಬಿಚ್ಚಲಿಲ್ಲ. ಚಪ್ಪಲಿ ದೂರ ಬಿಟ್ಟು ಬಂದಿದ್ದನಕ್ಕಾ, ಅದನ್ನ ನೋಡಿ ನಾನೂ ಬೂಟು ಕಳದು ಕೋಲು ಹಿಡಿದೆ, ಯಾವುದೋ ದೇವರು ಇರಬೇಕು ಅಂತ. ಅವಳು ಕೇಳಿದಳು, ಆ ತಾತ ಎಡಗಾಲು ಎಳಕೊಂತ ನಡೀತಾನೇನು. ಹೌದಕ್ಕಾ, ನಿನಗ ಹೆಂಗ ಗೊತ್ತು. ನಮ್ಮ ಮಾವ ಅಂದಳು. ಆ ಕಡೆಯಿಂದ ಉರುಕುಂದ, ಗೊತ್ತಿದ್ರ ಚಾ ಆದ್ರೂ ಕುಡಿಸ್ತಿದ್ನಲ್ಲಕ್ಕಾ ಅಂದ.

ಬಾಯಿಲೆ ಹೇಳಬಾರದು. ಬಾಯಿಂದ ಹೇಳಲಿಲ್ಲ ಮಾವ, ಶಾಸ್ತ್ರ ಮುರಿಯಲಿಲ್ಲ, ಇಷ್ಟು ವರ್ಷ ತಾನು ಹಾಕಿದ ತಟ್ಟೆಯ ಮುಂದೆ ಕೂತು ರೊಟ್ಟಿ ತಿಂದರು, ಜೋಳ ಚೆನ್ನಾಗೈತವ್ವ ಅಂದರು, ಅದೊಂದು ಅನ್ನಲಿಲ್ಲ, ಇವರಿಗೆ ನೆನಪೇ ಇಲ್ಲವೇನೋ, ಗಂಡಸಿನ ಎದೆ ಕಲ್ಲು ಅಂತ ಒಂದೆರಡು ಸಲ ಮನಸ್ಸಲ್ಲೇ ಬೈದದ್ದೂ ಉಂಟು, ಆ ಮುದುಕ ಬಾಯಿಲ್ಲದ ಒಂದು ಕೋಲನ್ನು ಹುಡುಕಿ ಅದರ ಕೈಲಿ ಹೇಳಿ ಕಳಿಸಿದ್ದಾನೆ. ಅದನ್ನು ಕಸ ಅಂತ ತೆಗೆಯುತ್ತಿದ್ದಳಲ್ಲ ತಾನು, ಒಂದು ಬೆರಳು, ಅಷ್ಟೇ ಅಂತರ. ಪಲ್ಲವಿ ಕೈ ತೊಳೆದು ಬಂದು, ಅಕ್ಕಾ ಯಾಕ ಅಳಾಕತ್ತಿ ಅಂದಳು. ಹತ್ತಿ ಧೂಳು ಅನ್ನಬಹುದಿತ್ತು, ಅನ್ನಲಿಲ್ಲ, ಅಳಾಕತ್ತೀನಿ ಪಲ್ಲವಿ, ಸ್ವಲ್ಪ ತಡಿ, ನಿಲ್ಲತೈತಿ ಅಂದಳು. ಆ ಹುಡುಗಿ ನೀರಿನ ಬಾಟಲಿ ಮುಂದಿಟ್ಟಳು. ಇದನ್ನೂ ಎಳೆದು ತಂದು ಊರ ಹತ್ತಿರ ಬಿಡಲೇನಕ್ಕಾ ಅಂತ ಕೈ ಚಾಚಿದಾಗ ಮಾತ್ರ ನಾಗಜ್ಯೋತಿ ಅವಳ ಮಣಿಕಟ್ಟು ಹಿಡಿದಳು. ಎಳೀಬ್ಯಾಡ.

ಎಳೆದದ್ದನ್ನೆಲ್ಲ ಬಿಟ್ಟು ಮೊದಲಿಂದ ಶುರು ಮಾಡಿದಳು, ಉರುಕುಂದ ಕಳಿಸಿದ ಮೂಲ ಪಾಯಿಂಟುಗಳು, ಹೊಸ ಚಿತ್ರ, ಮೊದಲ ಕೆಲಸವೇ ಪಟ್ಟಿ ಹೇಳುವುದು, ಉದ್ದನೆಯ ಹೆಸರುಗಳ ನಡುವೆ ನಲವತ್ತಮೂರನ್ನು ಹುಡುಕಿ ಒತ್ತಿದಳು, ನೀವೆಲ್ಲ ಈ ಪಟ್ಟಿಯವರು ಅಂತ, ಆಮೇಲೆ ಕರ್ನೂಲಿನ ಚಿತ್ರಕ್ಕೆ ಅವರನ್ನು ಬದಲಾಯಿಸಿ ಬಿಡು ಅಂತ, ಕಂಪ್ಯೂಟರು ಹಳೆಯದು, ಗರಗರ ತಿರುಗಿತು, ಈ ತಿರುಗುವ ಹೊತ್ತಲ್ಲಿ ಅವಳು ಯಾವ ದೇವರನ್ನೂ ನೆನೆಯಲಿಲ್ಲ, ಕಂಬಳಿಯ ವಾಸನೆ ಬಂತು, ಅದು ಬಂದದ್ದು ನಿಜ. ಊರು ಬಂದು ಕೂತಿತು. ಯಾರೂ ಎಳೆಯಲಿಲ್ಲ, ಶಾಲೆ ಶಾಲೆಯ ಮೇಲೆ, ಕುಂಟೆ ಕುಂಟೆಯ ಮೇಲೆ, ಎರಡೂ ತುದಿ ಸರಿ. ಪ್ಲಸ್ಸೂ ಬಂದಿತ್ತು, ಎಲ್ಲರ ಜೊತೆಗೆ, ದಿಬ್ಬದ ಮೇಲೆ, ಮೇಲಿನಿಂದ ತೆಗೆದ ಚಿತ್ರದಲ್ಲಿ ಬಾರಿಗಿಡ ಒಂದು ಹಸಿರು ಚುಕ್ಕೆ, ಪಕ್ಕಕ್ಕೆ ಬಿದ್ದ ನೆರಳು, ನೆರಳಿನೊಳಗೆ ಪ್ಲಸ್ಸು, ಸೆಕೆ ಇರಲಾರದು ಅಲ್ಲಿ, ಇಷ್ಟು ಹೊತ್ತಿಗಂತೂ ನೆರಳಿರುತ್ತದೆ — ಅಲ್ಲಿ ಅದಾಳ. ಇಷ್ಟು ವರ್ಷಕ್ಕೆ ಮೊದಲ ಸಲ ಎಲ್ಲೋ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಸಂತೋಷ ಅನ್ನಬೇಕೋ ಏನನ್ನಬೇಕೋ, ಕಳೆದುಹೋದ ಮೂಗುತಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿದ ಹಾಗೆ ಒಂದು ಗಳಿಗೆ ಮೈಯೆಲ್ಲ ಹಗುರಾಯಿತು, ಆ ಗಳಿಗೆ ಕಳೆದ ಮೇಲೆ ದಾರಿಯ ಅಂಚಿನ ಪಾಯಿಂಟುಗಳ ಮೇಲೆ ಪೈಪಿನ ಗೆರೆಯನ್ನು ಮತ್ತೆ ಹಾಕಿದಳು, ಆಗ ಕಂಡಿತು. ಎಳೆದ ಚಿತ್ರದಲ್ಲಿ ವಾರೆಯಾಗಿ ಹೊಲದ ಕಡೆ ಸರಿದಿದ್ದ ಗೆರೆ ಈಗ ತನ್ನ ಜಾಗಕ್ಕೆ ಬಂದು, ಬಂಡಿದಾರಿಯ ಎಡ ಅಂಚು ಹಿಡಿದು, ನೇರವಾಗಿ, ಚೊಕ್ಕವಾಗಿ, ಬಾರಿಗಿಡದ ನೆರಳಿನೊಳಗೆ ಹೊಕ್ಕು, ಪ್ಲಸ್ಸಿನ ಎರಡೂ ಕೈಗಳ ನಡುವೆ ಹಾದು ಹೋಗಿತ್ತು. ಸರಿಯಾದ ಲೆಕ್ಕ ಹೇಳಿದ್ದು ಇದನ್ನು. ತಪ್ಪು ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಇದ್ದವು, ಒಂದು ಹೊಲದಲ್ಲಿ, ಒಂದು ಸಮುದ್ರದಲ್ಲಿ. ಈಗ ದಾಟುತ್ತದೆ.

ದೇವದಾಸ್ ಸಾರು ಒಳಗಿನ ಕೋಣೆಯಲ್ಲಿ ಚಹಾ ಬಸಿಯಲ್ಲಿ ಹಾಕಿಕೊಂಡು ಆರಿಸುತ್ತಿದ್ದರು, ಒಳ್ಳೆಯ ಮನುಷ್ಯ, ಆದರೆ ಸಾಯಂಕಾಲಕ್ಕೆ ಚಿತ್ರ ಕರ್ನೂಲು ಸೇರಬೇಕು ಅಂದರೆ ಸೇರಬೇಕು, ಅದರಲ್ಲಿ ಮಾತಿಲ್ಲ, ಅವಳು ಬಾಗಿಲಲ್ಲಿ ನಿಂತು, ಸಾರ್ ಕರಿಬಂಡದ ಲೈನು ದಿಬ್ಬದ ಹತ್ತಿರ ಬಲಗಡೆ ಹಾಕತೀನಿ ಅಂದಳು. ಬಲಗಡೆ ಪೂರಾ ಬಂಡೆ ಐತಲ್ಲಮ್ಮಾ, ಮಿಷನ್ ಹಲ್ಲು ಮುರೀತೈತಿ, ಎಡಗಡೆ ಮೆತ್ತನ್ನ ಮಣ್ಣು ಬಿಟ್ಟು ಅಲ್ಲಿಗ್ಯಾಕ, ಕಾರಣಂ ಏಮಿ, ಅರ್ಧ ತೆಲುಗಿನಲ್ಲಿ ಕಾರಣ ಕೇಳಿದರು ಸಾರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ, ಗಿಡ ಅಡ್ಡ ಐತಿ ಸಾರ್ ಅಂದರೆ ಮುಗಿಯುತ್ತಿತ್ತು, ಅಥವಾ ಮುಗಿಯುತ್ತಿರಲಿಲ್ಲ, ಗಿಡ ಕಡಿದರಾಯಿತು ಅನ್ನುತ್ತಿದ್ದರು, ಮೆತ್ತನ್ನ ಮಣ್ಣು, ಮೆತ್ತಗೆ ಯಾಕಿದೆ ಅಂತ ಗೊತ್ತೇ ನಿಮಗೆ, ಕುರಿ ಕಾಯುವ ಕೈ ಅಗೆದು ಮುಚ್ಚಿದ ಮಣ್ಣು ಅದು — ಅಲ್ಲಿ ನನ್ನ ಮಗಳು ಅದಾಳ ಸಾರ್. ಹೇಳಿಬಿಟ್ಟಿದ್ದಳು. ನನ್ನ ಮಗಳು. ಅಮೂಲ್ಯಳಲ್ಲದೆ ಇನ್ನೊಬ್ಬಳಿಗೆ ಆ ಮಾತು ಅವಳ ಬಾಯಿಂದ ಮೊದಲ ಸಲ ಬಂದದ್ದು, ಕಿವಿಗೆ ವಿಚಿತ್ರವಾಗಿ, ಹೊಸ ಬಳೆಯ ಸದ್ದಿನ ಹಾಗೆ ಕೇಳಿಸಿತು. ಸಾರು ಬಸಿ ಕೆಳಗಿಟ್ಟರು. ಎಷ್ಟು ಜಾಗ ಬೇಕಮ್ಮಾ ಅಂದರು. ಅವಳು ಅದನ್ನು ಯೋಚಿಸಿರಲಿಲ್ಲ, ಎರಡೂ ಅಂಗೈ ಎದುರುಬದುರು ಹಿಡಿದಳು, ಇಷ್ಟು, ಅಂತ ತೋರಿಸಿದಳು, ಆಸ್ಪತ್ರೆಯಲ್ಲಿ ಎತ್ತಿಕೊಂಡಾಗ ಇದ್ದಷ್ಟು. ಸಾರು ಆ ಕೈಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಇಡೀ ಗಿಡಾನ ಬಿಡಮ್ಮಾ, ಮುಂಚೆ ಒಂದು ಬೆಂಡು, ದಾಟಿದ ಮ್ಯಾಲ ಒಂದು ಬೆಂಡು, ಗಿಡ ಉಳಿಸಾಕ ಅಂತ ಬರಿ, ಬಂಡೆ ನಾ ನೋಡ್ಕೊಂತೀನಿ. ಅವಳು ತಿರುಗಿ ಹೊರಟಾಗ ಹಿಂದಿನಿಂದ, ದಾಟಿದ ಮ್ಯಾಲ ಅಂದದ್ದು ತಪ್ಪಮ್ಮಾ, ಸುತ್ತಿದ ಮ್ಯಾಲ ಅಂದರು.

ಎರಡು ಬೆಂಡು, ಎರಡು ತಿರುವು. ಗೆರೆ ಟ್ಯಾಂಕಿನಿಂದ ಇಳಿದು ಬರುತ್ತದೆ, ಎಡ ಅಂಚು ಹಿಡಿದು ಬರುತ್ತದೆ, ದಿಬ್ಬ ಹತ್ತುವ ಮುಂಚೆ ಬಾಗಿ ದಾರಿಯ ಆ ಕಡೆ ಹೋಗುತ್ತದೆ, ಬಂಡೆಯ ಮೇಲೆ ಸಾಗಿ, ಗಿಡ ಹಿಂದೆ ಬಿದ್ದ ಮೇಲೆ ಮತ್ತೆ ಬಾಗಿ ಈ ಕಡೆ, ಶಿವಕೃಷ್ಣ ಹೊಸ್ತಿಲಲ್ಲಿ ಕಾಲೆತ್ತಿ, ಬೈಸಿಕೊಂಡು, ಸುತ್ತಿ ಹೋಗುವ ಹಾಗೆ, ಕರ್ನೂಲಿನಲ್ಲಿ ಯಾರಾದರೂ ನೋಡಿದರೆ ಇದೇನು ಸೊಟ್ಟ ಅಂತಾರೆ, ಅನ್ನಲಿ. ಫೋನು ಕೈಗೆ ಬಂದಿತ್ತು, ಮಾವನಿಗೆ ರಿಂಗ್ ಆಗುತ್ತಲೇ ಇದೆ, ಕುರಿಯ ನಡುವೆ ಕೇಳಿಸಬೇಕಲ್ಲ, ಎತ್ತಿದಾಗ ಮೊದಲು ಕೇಳಿದ್ದು ಕುರಿಯ ಕೊರಳ ಗಂಟೆ, ಗಾಳಿ. ಮಾವಾ, ನಾನು ಅಂದಳು. ಆಮೇಲೆ ಗಾದಿಲಿಂಗಪ್ಪನ ದನಿ, ಯಾವ ಪೀಠಿಕೆಯೂ ಇಲ್ಲದೆ, ಕಂಡಿತೇನವ್ವ. ಕಂಡಿತು ಮಾವಾ. ಹ್ಞೂಂ ಅಂದರು. ಗಂಟೆ, ಗಾಳಿ. ಪೈಪು ಅಂದರು. ಸುತ್ತ ಹಾಕ್ಕೊಂಡು ಹೋಗತೈತಿ ಮಾವಾ, ದಾಟಂಗಿಲ್ಲ. ಮುದುಕನ ಉಸಿರು ಒಮ್ಮೆ ಎಳೆದು ಬಿಟ್ಟದ್ದು ಅವಳಿಗೆ ಕೇಳಿಸಿತು. ಕುರಿ ನೀರಿಗೆ ಹೊಂಟಾವವ್ವ, ಇಡತೀನಿ ಅಂದರು, ಇಟ್ಟರು. ಕಳಿಸಬೇಕು ಈಗ, ಹೊತ್ತಾಯಿತು, ಎದುರಿನ ಮಿಲ್ಲಿನ ಸೈರನ್ನು, ಪಲ್ಲವಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ, ಅಮೂಲ್ಯಳ ಆಟೋ ಬರುವ ಹೊತ್ತು, ಕಳಿಸುವ ಮುಂಚೆ ಆ ಪದರದ ಬಲ್ಬು ಆರಿಸಬೇಕು, ತಾತನ ಪದರ, ಹೆಸರಿಲ್ಲದ ಗುರುತು ಚಿತ್ರದಲ್ಲಿ ಇರಬಾರದು, ಆರಿಸಿದರೂ ಇರುತ್ತಾಳೆ, ಇದ್ದಲ್ಲೇ, ಕತ್ತಲೆಯಲ್ಲಿ, ತನ್ನ ಪಟ್ಟಿಯಲ್ಲಿ, ಆರಿಸಬೇಕು, ಒಮ್ಮೆ ಗಾಲಿ ಎರಡು ಸಲ ಒತ್ತಿ ನೋಡಿದಳು, ಊರು ಹಿಂದೆ ಸರಿಯಲಿಲ್ಲ, ನೀಲಿ ಬರಲಿಲ್ಲ, ಪರದೆ ತುಂಬ ಊರೇ, ಎಲ್ಲ ಊರಲ್ಲೇ ಇದೆ, ಈಗ ಆರಿಸಬೇಕು, ಬಾಣದ ಗುರುತು ಬಲ್ಬಿನ ಮೇಲೆ ಇದೆ, ಬೆರಳು ಮೌಸಿನ ಮೇಲೆ ಇದೆ, ಅಕ್ಕಾ ಬರ್ತೀಯೇನು, ಬಂದೆ, ಬಾರಿಗಿಡ, ನೆರಳು, ಗೆರೆ ಬರುತ್ತದೆ, ಬಾಗುತ್ತದೆ, ಸುತ್ತಿ ಹೋಗುತ್ತದೆ, ನೆರಳಲ್ಲಿ ಪ್ಲಸ್ಸು, ಪ್ಲಸ್ಸಿನ ಮುಂದೆ ಇನ್ನೊಂದು ಅಂಕಿ ಇಲ್ಲ, ನೆರಳಲ್ಲಿ ಪ್ಲಸ್ಸು